ಬೀಗರು ಕೆತ್ತಿದ ಸೇನಾಪತಿ

1974ರ ಏಪ್ರಿಲ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಇಸೊಗಾಯಿ ತೊಮೆಜಿ ತಮ್ಮ ಕೆಲಸದ ಕೋಣೆಯಲ್ಲಿ ಕೂತು ಒಬ್ಬ ರಾಣಿಯ ಮೂಗು ಕೆರೆಯುತ್ತಿದ್ದರು. ಮುಂದಿನ ವರ್ಷದ ಮಾರ್ಚ್‌ನಲ್ಲಿ ಬರುವ ಹೆಣ್ಣುಮಕ್ಕಳ ಹಬ್ಬಕ್ಕೆ ಬೇಕಾದ ರಾಣಿ ಗೊಂಬೆ. ನಮ್ಮ ಊರು ಇವಾತ್ಸುಕಿಯಲ್ಲಿ ಗೊಂಬೆ ಮಾಡುವವರ ಕ್ಯಾಲೆಂಡರು ಉಳಿದವರದಕ್ಕಿಂತ ಯಾವಾಗಲೂ ಮುಂದೆ ಓಡುತ್ತದೆ. ಇನ್ನು ಮೂರು ವಾರದಲ್ಲಿ ಬರಲಿದ್ದ ಗಂಡುಮಕ್ಕಳ ಹಬ್ಬದ ಯೋಧರು ಕವಚ ತೊಟ್ಟು ಅಂಗಡಿ ಸೇರಿ ಆಗಲೇ ಒಂದೂವರೆ ತಿಂಗಳಾಗಿತ್ತು.

ಆ ಹೊತ್ತಿಗೆ ಬಾಗಿಲಲ್ಲಿ ಬೀಗರ ದನಿ ಕೇಳಿಸಿತು. ತೊಮೆಜಿಯವರ ಕೈ ಜಾರಿತು. ರಾಣಿಯ ಮೂಗಿನ ಎಡಭಾಗದಿಂದ ಅರ್ಧ ಮಿಲಿಮೀಟರ್ ಹೋಯಿತು. ಅದಕ್ಕೆ ಹಿಂದೆ ಅವರ ಕೈ ಜಾರಿದ್ದು ಹತ್ತು ವರ್ಷದ ಕೆಳಗೆ, ಭೂಕಂಪದ ದಿನ.

ತೊಮೆಜಿಗೆ ಆಗ ಅರವತ್ತೊಂದು. ಹದಿಮೂರನೇ ವಯಸ್ಸಿನಲ್ಲಿ ಈ ಕೆಲಸಕ್ಕೆ ಕೂತವರು. ಮೊದಲ ಮೂರು ವರ್ಷ ಅಂಟು ಕಾಯಿಸಿದ್ದು ಬಿಟ್ಟರೆ ಬೇರೆ ಏನನ್ನೂ ಮುಟ್ಟಲು ಗುರು ಬಿಡಲಿಲ್ಲ. ನಮ್ಮ ಊರಿನಲ್ಲಿ ಇಡೀ ಗೊಂಬೆಯನ್ನು ಒಬ್ಬರೇ ಮಾಡುವುದಿಲ್ಲ. ತಲೆ ಒಬ್ಬರ ಮನೆಯದು, ಕೈಕಾಲು ಇನ್ನೊಬ್ಬರ ಮನೆಯದು, ಕೂದಲು ನೆಡುವವರು ಬೇರೆ, ಕವಚ ಮತ್ತು ಶಿರಸ್ತ್ರಾಣದವರು ರೈಲ್ವೆ ಗೇಟಿನ ಆಚೆ. ಎಲ್ಲವೂ ಸಗಟು ವ್ಯಾಪಾರಿಯ ಮನೆಯಲ್ಲಿ ಸೇರಿದ ಮೇಲೆ ಅಲ್ಲಿ ಸೇನಾಪತಿ ಎದ್ದು ಕೂರುತ್ತಾನೆ. ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರಿರುತ್ತದೆ. ತಲೆ ಮಾಡಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೂ ಊರಿನವರು ಗಾಜಿನ ಕಿಟಕಿಯ ಆಚೆಯಿಂದಲೇ ನೋಡಿ, "ಇದು ತೊಮೆಜಿಯವರ ಹುಬ್ಬು" ಎನ್ನುತ್ತಿದ್ದರು. ಮೊದಲು ನೀರು ಮಸಿಯಲ್ಲಿ ಮೋಡದಂತೆ ಒಂದು ಗೆರೆ, ಅದರ ಮೇಲೆ ಒಂದೊಂದೇ ಕೂದಲು, ಒಂದು ಹುಬ್ಬಿಗೆ ಇಪ್ಪತ್ತಾರು ಎಳೆ. ಇಪ್ಪತ್ತೈದಾದರೆ ಸೇನಾಪತಿಗೆ ನಿದ್ದೆ ಬಂದ ಹಾಗಿರುತ್ತದೆ, ಇಪ್ಪತ್ತೇಳಾದರೆ ಸಾಲ ವಸೂಲಿಗೆ ಬಂದವನ ಹಾಗೆ ಕಾಣುತ್ತಾನೆ ಎಂದು ಅವರ ಲೆಕ್ಕ.

ಸಂಖ್ಯೆಯ ವಿಷಯದಲ್ಲಿ ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಮಾರು ಇಷ್ಟು ಎಂದೂ ಹೇಳುತ್ತಿರಲಿಲ್ಲ. ಅವರ ಹೆಂಡತಿ ಶಿನೊ ಇದನ್ನು ಹೀಗೆ ವಿವರಿಸುತ್ತಿದ್ದರು: "ಮದುವೆ ದಿನ ನನ್ನ ಮುಖ ನೋಡಿ ಈ ಮನುಷ್ಯ ಆಡಿದ ಮೊದಲನೇ ಮಾತು, ಬಲ ಹುಬ್ಬು ಒಂದು ಮಿಲಿಮೀಟರ್ ಕೆಳಗಿದೆ ಅಂತ. ಸುಳ್ಳಲ್ಲ, ಇದೆ. ಆದ್ರೆ ಮೂವತ್ತು ವರ್ಷ ಕಳೆದ ಮೇಲೆ ಹೇಳಬಹುದಿತ್ತು."

ಬೀಗರ ಜೊತೆ ಸಂಬಂಧ ಕೆಟ್ಟದ್ದೂ ಈ ಗುಣದಿಂದಲೇ. ಬೀಗರು ಉಶಿಕುಬೊ ಗೆಂಪೈ, ರೈಲಿನಲ್ಲಿ ನಾಲ್ಕನೇ ನಿಲ್ದಾಣವಾದ ಕಾಸುಕಾಬೆಯಲ್ಲಿ ಬಟ್ಟೆಯಿಡುವ ಬೀರು ಮಾಡುವವರು. ಕಿರಿ ಎಂದು ನಾವು ಕರೆಯುವ ಹಗುರವಾದ ಮರದಿಂದ ಮಾಡುತ್ತಾರೆ. ಆ ಮರದ ಹೊಟ್ಟನ್ನು ಗೋಧಿಯ ಗಂಜಿಯಲ್ಲಿ ಕಲಸಿ ಅಚ್ಚಿಗೆ ಒತ್ತಿದರೆ ನಮ್ಮ ಊರಿನ ಗೊಂಬೆಗಳ ತಲೆಯಾಗುತ್ತದೆ. ಎರಡು ಊರಿನ ನಂಟು ಇಷ್ಟೇ, ಜಗಳವೂ ಇಷ್ಟೇ. "ನಿಮ್ಮ ಸೇನಾಪತಿಗಳ ತಲೆಯಲ್ಲಿ ಇರೋದು ನಾನು ಗುಡಿಸಿ ಬಿಸಾಕಿದ ಕಸ," ಎಂದು ಗೆಂಪೈ. "ನಿಮ್ಮ ಕಸಕ್ಕೆ ಮರ್ಯಾದೆ ಬಂದದ್ದು ನಮ್ಮ ಊರಲ್ಲಿ," ಎಂದು ತೊಮೆಜಿ. ಅಲ್ಲಿಯವರೆಗೆ ಅದು ನಗುವ ಮಾತು.

ಮಗಳು ಮಿಚಿಯೊಳನ್ನು ತೊಮೆಜಿಯ ಮಗನಿಗೆ ಕೊಟ್ಟಾಗ ಗೆಂಪೈ ತಾವೇ ಮಾಡಿದ ಬೀರನ್ನು ಕಳಿಸಿದರು. ಒಳ್ಳೆಯ ಬೀರಿಗೆ ಒಂದು ಪರೀಕ್ಷೆ ಇದೆ. ಎಳೆದು ತೆಗೆಯುವ ಖಾನೆಗಳು ಗಾಳಿಯಾಡದಷ್ಟು ಬಿಗಿಯಾಗಿರುತ್ತವೆ, ಆದ್ದರಿಂದ ಒಂದು ಖಾನೆಯನ್ನು ಒಳಗೆ ತಳ್ಳಿದರೆ ಉಳಿದವು ಗಾಳಿಯ ಒತ್ತಡಕ್ಕೆ ತಾವಾಗಿಯೇ ಹೊರಗೆ ಬರುತ್ತವೆ. ತೊಮೆಜಿ ನೆಂಟರ ಎದುರಿಗೆ ಖಾನೆ ತಳ್ಳಿದರು. ಉಳಿದ ಮೂರೂ ಮೆಲ್ಲಗೆ ಹೊರಬಂದವು. ನೆಂಟರು ಚಪ್ಪಾಳೆ ತಟ್ಟಿದರು. ತೊಮೆಜಿ ಜೇಬಿನಿಂದ ಅಳತೆಪಟ್ಟಿ ತೆಗೆದು, "ಮೂರನೇದು ನಾಲ್ಕು ಮಿಲಿಮೀಟರ್ ಕಡಿಮೆ ಬಂತು," ಎಂದರು. ಅದು ಹೊಗಳಿಕೆ ಎಂದು ಅವರು ಇಂದಿಗೂ ನಂಬಿದ್ದಾರೆ. ಬರೀ ನಾಲ್ಕು ಮಿಲಿಮೀಟರ್, ಎಂದು ಅರ್ಥ. ಗೆಂಪೈ ಆ ಅರ್ಥ ಮಾಡಿಕೊಳ್ಳಲಿಲ್ಲ. ಒಂದೂವರೆ ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಕ್ಟೋಬರ್‌ನಲ್ಲಿ ಮೊಮ್ಮಗ ಹುಟ್ಟಿದ ಮೇಲೆ ಬಂದರು, ಆದರೆ ಬೀರು ಇದ್ದ ಕೋಣೆಯ ಕಡೆ ತಿರುಗಲಿಲ್ಲ.

ಮೊಮ್ಮಗ ಹುಟ್ಟಿದಂದಿನಿಂದ ತೊಮೆಜಿಗೆ ಇದ್ದದ್ದು ಒಂದೇ ಆಸೆ. ಹುಡುಗನ ಮೊದಲನೇ ಹಬ್ಬಕ್ಕೆ ಮನೆಯಲ್ಲಿ ಕೂರಿಸುವ ಸೇನಾಪತಿಯ ಮುಖ ತಮ್ಮ ಕೈಯದಾಗಿರಬೇಕು. ಊರೂರಿನ ಮೊಮ್ಮಕ್ಕಳಿಗೆಲ್ಲ ಮುಖ ಬರೆದವರು. ತಮ್ಮದೇ ಮೊಮ್ಮಗನಿಗೆ ಬರೆಯಲು ಅಡ್ಡ ಬಂದದ್ದು ಸಂಪ್ರದಾಯ. ನಮ್ಮ ಕಡೆ ಮೊದಲನೇ ಹಬ್ಬದ ಗೊಂಬೆಯನ್ನು ಕೊಡಬೇಕಾದವರು ತಾಯಿಯ ಮನೆಯವರು. ತಂದೆಯ ಮನೆಯವರು ಕೊಟ್ಟರೆ, ಸೊಸೆಯ ತವರಿಗೆ ಗತಿಯಿಲ್ಲ ಎಂದು ಸಾರಿದ ಹಾಗೆ.

ತೊಮೆಜಿ ಉಪಾಯ ಮಾಡಿದರು. ಜನವರಿಯಲ್ಲಿ ಒಂದು ತಲೆ ಹಿಡಿದು ನಲವತ್ತೊಂದು ದಿನ ಕೂತರು. ಅಂಥದ್ದು ಅವರ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಅದನ್ನು ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಸಗಟು ವ್ಯಾಪಾರಿ ಫುಕಾಸೆಯವರ ಬಳಿಗೆ ಹೋದರು.

"ಕಾಸುಕಾಬೆಯಿಂದ ನಮ್ಮ ಬೀಗರು ಬರ್ತಾರೆ. ಯಾವ ಸೇನಾಪತಿನ ಬೇಕಾದ್ರೂ ಆರಿಸಲಿ. ಕಟ್ಟಿಕೊಡೋ ಮೊದಲು ಅದರ ತಲೆ ಕಿತ್ತು ಇದನ್ನ ಸಿಕ್ಕಿಸಿ."

"ಬೀಗರು ನನ್ನ ಅಂಗಡಿಗೇ ಬರ್ತಾರೆ ಅಂತ ಏನು ಗ್ಯಾರಂಟಿ ತೊಮೆಜಿಯವರೇ?"

"ಸೊಸೆ ಎದುರಿಗೆ ನಿಮ್ಮ ಅಂಗಡಿ ಹೆಸರನ್ನ ಆರು ಸಲ ಹೇಳಿದೀನಿ."

ಬೀಗರು ಬರಲಿಲ್ಲ. ಏಪ್ರಿಲ್ ಹತ್ತಕ್ಕೆ ಫುಕಾಸೆ ಪೆಟ್ಟಿಗೆಯನ್ನು ವಾಪಸು ತಂದುಕೊಟ್ಟರು. "ಏಳನೇ ಸಲ ಹೇಳಬೇಕಿತ್ತೇನೋ," ಎಂದರು.

ಈಗ ಗೆಂಪೈ ಬಾಗಿಲಲ್ಲಿ ನಿಂತಿದ್ದರು. ತೋಳಿನಲ್ಲಿ ಬಟ್ಟೆ ಸುತ್ತಿದ ದೊಡ್ಡ ಪೆಟ್ಟಿಗೆ. ಅದಕ್ಕೆ ರೈಲಿನಲ್ಲಿ ಅರ್ಧ ಟಿಕೆಟ್ ಕೊಂಡು, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಬೇಡ ಎಂದ ಟಿಕೆಟ್ ಮಾಸ್ತರರ ಜೊತೆ ಜಗಳವನ್ನೂ ಆಡಿದ್ದರು.

"ಯಾವ ಅಂಗಡಿಯದು ಬೀಗರೇ?" ಎಂದು ತೊಮೆಜಿ ಆದಷ್ಟು ಸಹಜವಾಗಿ ಕೇಳಿದರು.

"ಅಂಗಡಿ? ಮಾಡೋಕೆ ಬಾರದವರು ಅಂಗಡಿಗೆ ಹೋಗ್ತಾರೆ." ಗೆಂಪೈ ಗಂಟು ಬಿಚ್ಚಿದರು. "ನಾಲ್ಕು ತಿಂಗಳು ಕೂತು ಕೆತ್ತಿದೀನಿ. ತಲೆಯಿಂದ ಕಾಲವರೆಗೆ ಕಿರಿ ಮರ. ಹೊಟ್ಟಲ್ಲ, ಮರ."

ಸೇನಾಪತಿ ಮಡಚುವ ಆಸನದ ಮೇಲೆ ಕೂತಿದ್ದ. ಕವಚದಲ್ಲಿ ಉಗುರಿಗಿಂತ ತೆಳುವಾದ ಮರದ ಬಿಲ್ಲೆಗಳು, ರೇಷ್ಮೆ ಹುರಿಯಿಂದ ಹೆಣೆದವು. ತೊಮೆಜಿ ಆಮೇಲೆ ಎಣಿಸಿದರು, ಆರುನೂರ ನಲವತ್ತೆಂಟು, ಒಂದೂ ಓರೆಯಿಲ್ಲ. ಕುತ್ತಿಗೆಯವರೆಗೆ ಅದು ದೇಶದಲ್ಲಿಯೇ ಒಳ್ಳೆಯ ಯೋಧ.

ಕುತ್ತಿಗೆಯಿಂದ ಮೇಲೆ ಎಡ ಹುಬ್ಬು ಬಲ ಹುಬ್ಬಿಗಿಂತ ಮೂರು ಮಿಲಿಮೀಟರ್ ಎತ್ತರದಲ್ಲಿತ್ತು. ಬಲಗಣ್ಣು ಬಾಗಿಲನ್ನೂ ಎಡಗಣ್ಣು ಸೂರನ್ನೂ ನೋಡುತ್ತಿತ್ತು. ಬಾಯಿ ಹುಳಿ ಉಪ್ಪಿನಕಾಯಿ ಕಚ್ಚಿದವನದು. ಒಟ್ಟಿನಲ್ಲಿ ಯುದ್ಧಕ್ಕೆ ಹೊರಟವನ ಮುಖವಲ್ಲ, ಬೀಗದಕೈ ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುತ್ತಿರುವವನ ಮುಖ.

"ಹೇಗಿದೆ?" ಎಂದರು ಗೆಂಪೈ.

ಮಿಚಿಯೊ ಮಾವನ ಮುಖ ನೋಡಿದಳು. ಶಿನೊ ಗಂಡನ ಜೇಬನ್ನು ನೋಡಿದರು, ಅಳತೆಪಟ್ಟಿ ಅಲ್ಲಿಯೇ ಇತ್ತು.

"ಆಸನದ ಕಾಲು," ಎಂದರು ತೊಮೆಜಿ ಬಗ್ಗಿ ನೋಡಿ, "ನಾಲ್ಕೂ ನೆಲಕ್ಕೆ ತಾಗಿವೆ."

ಗೆಂಪೈಗೆ ಆನಂದವಾಯಿತು. ಆ ಮನೆಯಿಂದ ಇಷ್ಟು ದೊಡ್ಡ ಮಾತು ಅವರು ನಿರೀಕ್ಷಿಸಿರಲಿಲ್ಲ.

ತೊಮೆಜಿ ಸೇನಾಪತಿಯ ಕೆನ್ನೆಯನ್ನು ಉಗುರಿನ ತುದಿಯಿಂದ ಮೆಲ್ಲಗೆ ತಟ್ಟಿದರು. ಸದ್ದು ಮಂಕಾಗಿತ್ತು. "ಮೇಲಿನ ಬಳಿತಕ್ಕೆ ಅಂಟು ಎಷ್ಟು ಹಾಕಿದ್ರಿ?"

"ಕೆಳಗೆ ತೆಳ್ಳಗೆ, ಮೇಲೆ ಹೋಗ್ತಾ ಹೋಗ್ತಾ ಗಟ್ಟಿ. ಮಳೆ ಬಿಸಿಲು ತಡೀಬೇಕಲ್ಲ. ಬೀರು ಮಾಡೋವ್ನಿಗೆ ಅಂಟು ಹೇಳಿಕೊಡ್ತೀರಾ?"

ತೊಮೆಜಿ ಹೇಳಿಕೊಡಲಿಲ್ಲ. ಗೊಂಬೆಯ ಮುಖದ ಬಿಳಿ ಬಣ್ಣ ಸಿಂಪಿಯ ಚಿಪ್ಪಿನ ಪುಡಿ, ತೊಗಲಿನಿಂದ ತೆಗೆದ ಅಂಟಿನಲ್ಲಿ ಕಲಸಿದ್ದು. ಅದನ್ನು ಪದರ ಪದರವಾಗಿ ಬಳಿಯುತ್ತಾರೆ. ತಳದ ಪದರದಲ್ಲಿ ಅಂಟು ಗಟ್ಟಿ, ಮೇಲೆ ಹೋದಂತೆ ತೆಳು. ತಿರುಗಾಮುರುಗಾ ಮಾಡಿದರೆ ಮೇಲಿನ ಗಟ್ಟಿ ಪದರ ಒಣಗಿ ಕುಗ್ಗುವಾಗ ಕೆಳಗಿನ ಬಡಪಾಯಿ ಪದರವನ್ನು ಹಿಡಿದೆಳೆಯುತ್ತದೆ. ಮುಖ ಸೀಳುತ್ತದೆ. ಮೂರು ವರ್ಷ ಬರೀ ಅಂಟು ಕಾಯಿಸಿದವರಿಗೆ ಇದು ಕನಸಿನಲ್ಲಿಯೂ ಗೊತ್ತಿರುತ್ತದೆ.

ಬೀಗರು ರೈಲು ಹತ್ತಿದ ಮೇಲೆ ಅವರು ಶಿನೊಗೆ ಹೇಳಿದರು, "ಹನ್ನೊಂದು ದಿನ."

ಹಬ್ಬದ ಮುಂಚಿನ ಆ ದಿನಗಳಲ್ಲಿ ಊರಿನ ಕಸುಬಿನವರೆಲ್ಲ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಗೊಂಬೆ ನೋಡುತ್ತಾರೆ. ತೊಮೆಜಿಯವರ ಮನೆಯಲ್ಲಿ ಗಂಡು ಮೊಮ್ಮಗು, ಆದ್ದರಿಂದ ಬಾರದವರಿಲ್ಲ. ಬಂದರು, ಮಂಡಿಯೂರಿ ಕೂತರು, ತಲೆಯೆತ್ತಿ ಸೇನಾಪತಿಯನ್ನು ನೋಡಿದರು, ತಲೆ ತಗ್ಗಿಸಿದರು.

"ಆಸನ ಬಹಳ ಚೆನ್ನಾಗಿದೆ," ಎಂದರು ಕೈಕಾಲು ಮಾಡುವವರು.

"ಹುರಿಯ ಬಣ್ಣ ಒಪ್ಪುತ್ತೆ," ಎಂದರು ಕವಚದವರು.

ಕೂದಲು ನೆಡುವ ಅಜ್ಜಿಯೊಬ್ಬರು ಮಾತ್ರ ಬಹಳ ಹೊತ್ತು ನೋಡಿ, "ಏನಪ್ಪಾ ತೊಮೆಜಿ, ಕಣ್ಣು ಪರೀಕ್ಷೆ ಮಾಡಿಸಿಕೊಂಡೆಯಾ?" ಎಂದು ಕೇಳಿದರು.

"ನಾನು ಮಾಡಿದ್ದಲ್ಲ ಅಜ್ಜಿ. ಬೀಗರು ಕೊಟ್ಟದ್ದು."

"ಕೊಟ್ಟೋರು ಬೀಗರು, ಸರಿ. ತಲೆ ನಿನ್ನದೇ ತಾನೆ? ತಲೆ ಮಾಡೋವ್ನ ಮನೆಗೆ ಬೇರೆ ಯಾರ ತಲೆ ಬರುತ್ತೆ?"

ಬೀಗರೇ ಕೆತ್ತಿದರು ಎಂದರೆ ಬೀಗರ ಮಾನ ಹೋಗುತ್ತದೆ, ಕೆತ್ತಲಿಲ್ಲ ಎಂದರೆ ತಮ್ಮದು. ತೊಮೆಜಿ ಅಜ್ಜಿಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದರು. ಎರಡೇ ದಿನದಲ್ಲಿ ತೊಮೆಜಿಯವರ ಕೈ ಹೋಯಿತಂತೆ ಎಂಬ ಸುದ್ದಿ ರೈಲ್ವೆ ಗೇಟನ್ನು ದಾಟಿತು. ಎಡಗಡೆ ಲಕ್ವ ಎಂದು ಕೆಲವರು, ಕುಡಿತ ಎಂದು ಕೆಲವರು. ತೊಮೆಜಿ ವರ್ಷಕ್ಕೆ ಮೂರು ಬಟ್ಟಲು ಕುಡಿಯುವವರು.

ಏಪ್ರಿಲ್ ಇಪ್ಪತ್ಮೂರು, ಒಂಬತ್ತನೇ ದಿನ, ಬೆಳಿಗ್ಗೆ ಮಗುವಿಗೆ ಹಾಲು ಕುಡಿಸುತ್ತಿದ್ದ ಮಿಚಿಯೊಗೆ ಟಿಕ್ ಎಂಬ ಸದ್ದು ಕೇಳಿಸಿತು. ಸೇನಾಪತಿಯ ಎಡ ಹುಬ್ಬಿನಿಂದ ಮೂಗಿನ ಮೇಲೆ ಹಾದು ಗಲ್ಲದವರೆಗೆ ಒಂದು ಬಿರುಕು. ಅವಳು ನೋಡುತ್ತಿದ್ದ ಹಾಗೆಯೇ ಅರ್ಧ ಕೆನ್ನೆ ಕಳಚಿ ಅವನ ತೊಡೆಯ ಮೇಲೆ ಬಿತ್ತು.

ತೊಮೆಜಿ ಬಂದು ನೋಡಿ ಬೇಸರಪಟ್ಟರು. "ಎರಡು ದಿನ ಮೊದಲೇ ಆಯ್ತು. ಗಾಳಿ ಇಷ್ಟು ಒಣಗಿರುತ್ತೆ ಅಂತ ನಾನು ಲೆಕ್ಕ ಹಾಕಿರಲಿಲ್ಲ."

"ಲೆಕ್ಕ ಇರಲಿ ರೀ," ಎಂದರು ಶಿನೊ. "ಮಗುವಿಗೆ ಬರೋ ಕೆಟ್ಟದ್ದನ್ನ ತನ್ನ ಮೇಲೆ ತಗೊಳ್ಳಲಿ ಅಂತ ಕೂರಿಸೋ ಗೊಂಬೆ. ಮೊದಲನೇ ಹಬ್ಬದಲ್ಲೇ ಮುಖ ಒಡೆದುಕೊಂಡು ಕೂತರೆ?"

ಮಿಚಿಯೊ ಉದುರಿದ ಕೆನ್ನೆಯ ಚೂರನ್ನು ಎತ್ತಿಟ್ಟಳು. ಅವಳಿಗೆ ಅಪ್ಪ ಗೊತ್ತು. ನಾಲ್ಕು ಮಿಲಿಮೀಟರ್‌ಗೆ ಒಂದೂವರೆ ವರ್ಷ ಮಾತು ಬಿಟ್ಟವರು, ತಮ್ಮ ಸೇನಾಪತಿ ತಲೆ ಮಾಡುವವರ ಮನೆಯಲ್ಲಿಯೇ ಸೀಳಿದ ಎಂದು ತಿಳಿದರೆ ಮತ್ತೆ ಈ ಕಡೆಗೆ ಬರುವವರಲ್ಲ. ಮೊಮ್ಮಗ ನಡೆಯಲು ಕಲಿತು ತಾನಾಗಿಯೇ ಕಾಸುಕಾಬೆಗೆ ಹೋದರೆ ಉಂಟು.

ಆ ಮಧ್ಯಾಹ್ನ ಸೊಸೆ ಮಗುವನ್ನು ಮಲಗಿಸಲು ಹೋದಾಗ ತೊಮೆಜಿ ಸೇನಾಪತಿಯ ಶಿರಸ್ತ್ರಾಣ ತೆಗೆದರು. ಸೀಳಿದ ತಲೆಯನ್ನು ಗೂಟದಿಂದ ಎಳೆದು, ಪುಟ್ಟ ಪೆಟ್ಟಿಗೆಯಲ್ಲಿದ್ದ ನಲವತ್ತೊಂದು ದಿನದ ತಲೆಯನ್ನು ಸಿಕ್ಕಿಸಿದರು. ಸರಿಯಾಗಿ ಕೂತಿತು. ಆ ಕವಚಕ್ಕೆ ಆ ಮುಖ. ಜಗತ್ತಿನಲ್ಲಿ ಇನ್ನೇನೂ ಬೇಡ ಎನ್ನಿಸಿತು ಅವರಿಗೆ.

ಹಿಂದೆ ಮಿಚಿಯೊ ನಿಂತಿದ್ದಳು.

"ಚೆನ್ನಾಗಿದೆ ಮಾವ."

"ಅಲ್ವಾ?"

"ತುಂಬಾ ಚೆನ್ನಾಗಿದೆ. ತೆಗೀರಿ."

ತೊಮೆಜಿ ತಿರುಗಲಿಲ್ಲ.

"ನಮ್ಮಪ್ಪ ಮಾಡಿದ ಮುಖಾನೇ ಬೇಕು ಮಾವ. ಅವರು ಬಂದು ನೋಡಿದಾಗ ಅದೇ ಇರಬೇಕು. ಹಾಗೇ ಮಾಡಿಕೊಡಿ, ಆ ಹುಬ್ಬು ಸಮೇತ."

"ಆ ಹುಬ್ಬು ತಪ್ಪು ಕಣಮ್ಮಾ."

"ತಪ್ಪು ಸಮೇತ."

"ನನ್ನ ಕೈ ಹೋಯ್ತು ಅಂತ ಊರೆಲ್ಲ ಹೇಳ್ತಾ ಇದೆ. ಈಗ ನಾನೇ ಕೂತು ಆ ಮುಖ ಮಾಡಬೇಕಾ?"

"ಹೌದು," ಎಂದಳು ಮಿಚಿಯೊ. "ನಿಮ್ಮನ್ನ ಬಿಟ್ಟರೆ ಇನ್ಯಾರಿಗೆ ಆಗುತ್ತೆ?"

ಈ ಮಾತಿನಲ್ಲಿ ಹೊಗಳಿಕೆ ಎಷ್ಟು, ಆಜ್ಞೆ ಎಷ್ಟು ಎಂದು ತೊಮೆಜಿಗೆ ಅಳೆಯಲು ಆಗಲಿಲ್ಲ. ತಲೆಯನ್ನು ಕಿತ್ತು ಪೆಟ್ಟಿಗೆಗೆ ಹಾಕಿದರು.

ಗೆಂಪೈ ಈಗ ಇಲ್ಲ. ಅವರಿದ್ದಷ್ಟು ದಿನ ಶಿನೊ ಇದನ್ನು ಯಾರ ಹತ್ತಿರವೂ ಆಡಲಿಲ್ಲ. ಆಮೇಲೆ ಹೇಳಿದ್ದು ಹೀಗೆ.

ಮೊದಲ ದಿನ ತೊಮೆಜಿ ತೆಳುಕಾಗದ ಇಟ್ಟು ಸೀಳಿದ ಮುಖದ ಪಡಿಯಚ್ಚು ತೆಗೆದರು. ಹುಬ್ಬು, ಕಣ್ಣು, ಮೂಗು, ತುಟಿ ಎಲ್ಲದರ ಅಳತೆಯನ್ನು ಕೋಷ್ಟಕದಲ್ಲಿ ಬರೆದರು. ಆಮೇಲೆ ಬೀಗರ ತಲೆಯನ್ನು ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಸುತ್ತಿ ಬಿಳಿಯನ್ನೆಲ್ಲ ಕರಗಿಸಿ, ಮರವನ್ನು ಒಣಗಲು ಇಟ್ಟು, ಹೊಸದಾಗಿ ಸರಿಯಾದ ಅಂಟಿನಲ್ಲಿ ದಿನಕ್ಕೆರಡು ಪದರ ಬಳಿದರು. ಅದು ಒಣಗುವವರೆಗೆ ಕೈ ಪಳಗಿಸಿಕೊಳ್ಳಲು ತಮ್ಮದೇ ಬಿಳಿ ಬಳಿದ ತಲೆಗಳು ಬೇಕಾದಷ್ಟಿದ್ದವು.

ಮೊದಲನೆಯದು ಚೆನ್ನಾಗಿ ಬಂತು. ಹಾಳು ಮಾಡಬೇಕಿತ್ತು, ಚೆನ್ನಾಗಿ ಬಂತು. ಅಳತೆ ಎಲ್ಲ ಕೋಷ್ಟಕದ ಪ್ರಕಾರವೇ ಇತ್ತು, ಎಡ ಹುಬ್ಬು ಮೂರು ಮಿಲಿಮೀಟರ್ ಮೇಲೆಯೇ ಇತ್ತು. ಆದರೂ ಸೇನಾಪತಿ ಶತ್ರುವನ್ನು ನೋಡಿ ಒಂದು ಹುಬ್ಬು ಏರಿಸಿದ ಹಾಗೆ ಗಂಭೀರವಾಗಿದ್ದ. ಎರಡನೆಯವನು ಇನ್ನೂ ಗಂಭೀರ. ನಾಲ್ಕನೆಯವನಂತೂ ರಾಜನಾಗಬಹುದಿತ್ತು.

"ಇವನು ಜಾಣ," ಎಂದು ಶಿನೊ ಪ್ರತಿಯೊಂದನ್ನೂ ದೂರ ಹಿಡಿದು ತೀರ್ಪು ಕೊಡುತ್ತಿದ್ದರು. "ಅವನು ಜಾಣ ಅಲ್ಲ. ಇವನಿಗೆ ಬೀಗದಕೈ ಎಲ್ಲಿದೆ ಅಂತ ಗೊತ್ತು."

ಆರನೆಯದಕ್ಕೆ ತೊಮೆಜಿ ಕನ್ನಡಕ ತೆಗೆದು ಬರೆದರು. ಕೈಗೆ ಕಣ್ಣು ಬೇಕಾಗಿರಲಿಲ್ಲ, ಚೆನ್ನಾಗಿಯೇ ಬಂತು. ಎಂಟನೆಯದಕ್ಕೆ ಎಡಗೈಯಲ್ಲಿ ಬರೆದರು. ಅದು ಕೆಟ್ಟಿತು, ಆದರೆ ಬೇರೆ ರೀತಿಯಲ್ಲಿ ಕೆಟ್ಟಿತು. ಒಂಬತ್ತನೆಯದಕ್ಕೆ ವರ್ಷದ ಮೂರು ಬಟ್ಟಲನ್ನೂ ಒಟ್ಟಿಗೆ ಕುಡಿದು ಕೂತರು. ಹುಬ್ಬಿನಲ್ಲಿ ಇಪ್ಪತ್ತಾರು ಎಳೆ ಬಂತು, ಎಣಿಸಿದ್ದೂ ಅವರೇ. ಹುಲ್ಲಿನ ಸಿವುಡಿಗೆ ಚುಚ್ಚಿದ ಕಡ್ಡಿಗಳ ಮೇಲೆ ಸೋತ ಸೇನಾಪತಿಗಳು ಸಾಲುಗಟ್ಟಿ, ಎಲ್ಲರೂ ಗೆದ್ದವರ ಹಾಗೆ ನೋಡುತ್ತಿದ್ದರು.

"ನಲವತ್ತೆಂಟು ವರ್ಷ ಆಯ್ತು ಶಿನೊ," ಎಂದರು ತೊಮೆಜಿ. "ಇಷ್ಟು ಕಷ್ಟದ ಮುಖ ಯಾರೂ ಕೇಳಿರಲಿಲ್ಲ."

ಮೇ ಎರಡನೇ ತಾರೀಖು ಚಹಾ ತಂದ ಮಿಚಿಯೊ ಮಾವ ಕೂತ ಭಂಗಿಯನ್ನು ನೋಡಿದಳು. ಬೆನ್ನು ನೆಟ್ಟಗೆ, ಎಡಗೈಯಲ್ಲಿ ತಲೆಯ ಕಡ್ಡಿ, ಬಲಗೈಯ ಮೂರು ಬೆರಳಲ್ಲಿ ಕುಂಚ, ಗೆರೆ ಒಳಗಿನಿಂದ ಹೊರಗೆ.

"ನಮ್ಮಪ್ಪ ಹೀಗೆ ಕೂರಲ್ಲ ಮಾವ. ನೆಲದ ಮೇಲೆ ಕೂತು ಒಂದು ಮಂಡಿ ಎತ್ತಿಕೊಳ್ತಾರೆ. ಕೆಲಸ ಪಾದದಲ್ಲಿ ಹಿಡೀತಾರೆ, ಎರಡು ಕೈಯೂ ಬಿಡುವಾಗಿ ಇರಬೇಕಲ್ಲ. ಏನೇ ಹಿಡಿದರೂ ಮುಷ್ಟೀಲಿ ಹಿಡಿದು ತಮ್ಮ ಕಡೆಗೆ ಎಳ್ಕೊಳ್ತಾರೆ, ಉಜ್ಜುಗೊರಡು ಎಳೆದ ಹಾಗೆ."

ತೊಮೆಜಿ ಕುಂಚವನ್ನು ಕೆಳಗಿಟ್ಟರು. ಗೊಂಬೆಯ ಮುಖಕ್ಕೆ ಬೆರಳು ತಾಗಿದರೂ ಪೆಟ್ಟು ತಿಂದು ಕಲಿತವರು. ಗುರುವಿನ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರು. ಆಮೇಲೆ ನೆಲಕ್ಕೆ ಇಳಿದು, ಕಾಲುಚೀಲ ಕಳಚಿ, ಸೇನಾಪತಿಯ ತಲೆಯನ್ನು ಎರಡು ಅಂಗಾಲುಗಳ ನಡುವೆ ಸಿಕ್ಕಿಸಿಕೊಂಡರು. ಕುಂಚವನ್ನು ಮುಷ್ಟಿಯಲ್ಲಿ ಹಿಡಿದು ಹುಬ್ಬನ್ನು ತಮ್ಮ ಕಡೆಗೆ ಎಳೆದರು.

ಸರಿಯಾಗಿ ಆ ಹೊತ್ತಿಗೆ ಫುಕಾಸೆ ಒಳಗೆ ಬಂದರು. ಕೈಯಲ್ಲಿ ಪೆಟ್ಟಿಗೆಯಲ್ಲಿಟ್ಟ ಕರಬೂಜದ ಹಣ್ಣು, ಕಾಯಿಲೆಯವರನ್ನು ನೋಡಲು ಬರುವಾಗ ತರುವಂಥದ್ದು. ಬಾಗಿಲಲ್ಲಿಯೇ ನಿಂತರು. ಊರಿನ ದೊಡ್ಡ ಕಲಾವಿದರು ಬರಿಗಾಲಲ್ಲಿ ತಲೆ ಹಿಡಿದು, ನಾಲಿಗೆ ಹೊರಗೆ ಹಾಕಿ ಕುಂಚ ಎಳೆಯುತ್ತಿದ್ದರು. ಸೊಸೆ ಪಕ್ಕದಲ್ಲಿ, "ಇನ್ನೂ ಒರಟಾಗಿ ಮಾವ," ಎನ್ನುತ್ತಿದ್ದಳು.

ಫುಕಾಸೆ ಹಣ್ಣನ್ನು ಸದ್ದಾಗದಂತೆ ಕೆಳಗಿಟ್ಟರು. ಶಿನೊ ಅವರನ್ನು ಅಂಗಳಕ್ಕೆ ಕರೆದು, "ಡಾಕ್ಟರಿಗೆ ತೋರಿಸಿದ್ರಾ?" ಎಂದು ಪಿಸುಗುಟ್ಟಿದರು.

"ಬೇಕಾಗಿಲ್ಲ. ಭಾನುವಾರಕ್ಕೆ ಸರಿಹೋಗ್ತಾರೆ."

"ಭಾನುವಾರ ಅಂತ ಹೇಗೆ ಹೇಳ್ತೀರಮ್ಮ?"

"ಬೀಗರು ಬಂದು ಹೋಗ್ತಾರಲ್ಲ," ಎಂದರು ಶಿನೊ.

ಫುಕಾಸೆಗೆ ಅರ್ಥವಾಗಲಿಲ್ಲ. ಮುಂದಿನ ವರ್ಷದ ಅರ್ಧ ಕೆಲಸವನ್ನು ಬೇರೆಯವರಿಗೆ ಹಂಚುವ ಯೋಚನೆಯಲ್ಲಿ ಮನೆಗೆ ಹೋದರು.

ಪಾದದಲ್ಲಿ ಹಿಡಿದ ಮೊದಲ ತಲೆಯೇ ಹತ್ತಿರ ಬಂತು. ಎರಡನೆಯದರಲ್ಲಿ ಬಾಯಿ ಹುಳಿಯಾಯಿತು. ಹೀಗೆ ಇನ್ನೂ ಐದು. ಮೇ ಮೂರರ ಸಂಜೆ ಬೀಗರ ಮರದ ತಲೆಯನ್ನೇ ಅಂಗಾಲುಗಳ ನಡುವೆ ಹಿಡಿದು, ಉಸಿರು ಬಿಗಿಹಿಡಿದು, ಏಳು ನಿಮಿಷದಲ್ಲಿ ಮುಗಿಸಿದರು. ಶಿನೊ ಅದನ್ನು ದೂರ ಹಿಡಿದು ನೋಡಿದರು. ಬಾಗಿಲು, ಸೂರು, ಬೀಗದಕೈ. ಮಿಚಿಯೊ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಸೇನಾಪತಿ ವಾಪಸು ಬಂದ್ರು," ಎಂದಳು.

ಹಬ್ಬದ ದಿನ ಗೆಂಪೈ ಹನ್ನೊಂದು ಗಂಟೆಯ ರೈಲಿಗೆ ಬಂದರು. ಸೀದಾ ಸೇನಾಪತಿಯ ಎದುರಿಗೆ ಹೋಗಿ ಮಂಡಿಯೂರಿದರು. ನೋಡಿದರು. ಇನ್ನೂ ಹತ್ತಿರ ಜರುಗಿ ನೋಡಿದರು. ಮಿಚಿಯೊ ಮಗುವನ್ನು ಎದೆಗವಚಿಕೊಂಡು ನಿಂತಳು.

"ಕೆನ್ನೆ ಸ್ವಲ್ಪ ಇಳಿದಿದೆಯಾ?" ಎಂದರು ಗೆಂಪೈ.

"ನಮ್ಮನೆ ಊಟ ಹಿಡಿಸಿಲ್ಲವೇನೋ," ಎಂದರು ಶಿನೊ.

ಗೆಂಪೈ ಗಹಗಹಿಸಿ ನಕ್ಕರು. ಉಗುರಿನಿಂದ ಕೆನ್ನೆ ತಟ್ಟಿದರು. ಸದ್ದು ಪಿಂಗಾಣಿಯ ಹಾಗೆ ಚೊಕ್ಕವಾಗಿತ್ತು. "ಕೇಳಿದ್ರಾ ಬೀಗರೇ? ಒಂದು ಕೂದಲಿನಷ್ಟೂ ಬಿರುಕಿಲ್ಲ. ಅಂಟು ಗಟ್ಟಿ ಇರಬೇಕು ಅಂದರೆ ಹೀಗೆ. ನಿಮ್ಮ ಊರಿನವರು ಸುಮ್ಮನೆ ಮೇಲೆ ಮೇಲೆ ನೀರು ಮಾಡ್ತಾರೆ."

ತೊಮೆಜಿ ಆಗ ಎಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿಯುಂಡೆ ತಿನ್ನುತ್ತಿದ್ದರು. ಆ ಎಲೆ ತಿನ್ನುವಂಥದ್ದಲ್ಲ. ಅವರು ಅದನ್ನೂ ಅಗಿದು ನುಂಗಿದರು.

ಊಟವಾಯಿತು. ಗೆಂಪೈ ಮೂರನೇ ಬಟ್ಟಲಿಗೆ ಬಂದಿದ್ದರು. ಮೊಮ್ಮಗ ತಾತನ ತೊಡೆಯ ಮೇಲೆ ಕೂತು ಸೇನಾಪತಿಯ ಆಸನದ ಕಾಲನ್ನು ಹಿಡಿದೆಳೆಯುತ್ತಿದ್ದ. ಗೆಂಪೈ ತಾವಾಗಿಯೇ ಎದ್ದು ಒಳಕೋಣೆಗೆ ಹೋದರು. ಬೀರಿನ ಮೂರನೇ ಖಾನೆ ಸರಿಯುವ ಸದ್ದು ಕೇಳಿಸಿತು. ಮರಳಿ ಬಂದು ಕೂತು, "ನಾಲ್ಕಲ್ಲ, ಮೂರೂವರೆ," ಎಂದರು. ತೊಮೆಜಿ ಒಪ್ಪಿ ತಲೆಯಾಡಿಸಿದರು. ಹವೆಗೆ ತಕ್ಕ ಹಾಗೆ ಮರ ಅಷ್ಟು ಹಿಗ್ಗಿ ಕುಗ್ಗುತ್ತದೆ.

"ಬೀಗರೇ, ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು," ಎಂದರು ಗೆಂಪೈ, ದನಿ ತಗ್ಗಿಸಿ. "ನಿಮ್ಮ ಬಾಯಲ್ಲಿ ಲೆಕ್ಕ ತಪ್ಪಲ್ಲ, ಅದು ನನಗೂ ಗೊತ್ತು. ನಾನು ಜನ್ಮದಲ್ಲಿ ಕುಂಚ ಹಿಡಿದವನಲ್ಲ. ಈ ಮುಖ ನನಗೆ ಒಂದೇ ತಲೇಲಿ ಬಂತು. ನೀವು ದೊಡ್ಡ ಕೈ. ಇದೇ ಮುಖ, ಹೀಗೇ, ನೀವು ಮಾಡಬೇಕಾಗಿದ್ದರೆ ಎಷ್ಟು ತಲೆ ಹಿಡೀತಿತ್ತು?"

ಶಿನೊ ಬಗ್ಗಿಸುತ್ತಿದ್ದ ಬಾಟಲಿಯನ್ನು ಅರ್ಧಕ್ಕೇ ನಿಲ್ಲಿಸಿದರು. ಮಿಚಿಯೊ ಮಾವನ ಕಡೆಗೆ ನೋಡಿ ಕಣ್ಣಿನಲ್ಲಿಯೇ ಬೇಡಿಕೊಂಡಳು. ತೊಮೆಜಿ ಬಾಯೊರೆಸಿಕೊಂಡು, ಸೇನಾಪತಿಯನ್ನು ಒಮ್ಮೆ ನೋಡಿ, ಬೀಗರ ಮುಖವನ್ನು ನೋಡಿ, ಸ್ಪಷ್ಟವಾಗಿ ಹೇಳಿದರು:

"ಹದಿನೇಳು."